ಸ್ಯಾಟಲೈಟ್ ಫೋನ್ ತಗೊಂಡ್ರೆ ಯಾರೂ ಕದ್ದು ಕೇಳೋಕಾಗಲ್ಲ, ಅಲ್ವಾ?

ಆಗುತ್ತೆ. ಇಷ್ಟೇ ಉತ್ತರ. ಅವಸರ ಇರುವವರು ಇಲ್ಲಿಗೇ ಎದ್ದು ಹೋಗಬಹುದು.

ನಾನು ಬ್ಯಾಂಕು, ಎಟಿಎಂ, ಗುಡ್ಡದ ಮೇಲಿನ ಮೊಬೈಲ್ ಟವರ್‌ಗಳಿಗೆ ವಿಸ್ಯಾಟ್ ಡಿಶ್, ಅಂದರೆ ಉಪಗ್ರಹದ ಮೂಲಕ ಸಂಪರ್ಕ ಕೊಡುವ ತಟ್ಟೆ, ಕೂರಿಸುವವನು. ನೆಂಟರ ಲೆಕ್ಕದಲ್ಲಿ ಉಪಗ್ರಹ ನನ್ನ ಸೋದರಮಾವನದ್ದು. ಹಾಗಾಗಿ ಮದುವೆ, ಗೃಹಪ್ರವೇಶ, ತಿಥಿಯೂಟ, ಎಲ್ಲಿ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ.

ಹೋದ ವರ್ಷ ಒಂದು ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕ ಗಂಡಿನ ಕಡೆಯವರೊಬ್ಬರು, ಅಡಿಕೆ ವ್ಯಾಪಾರದವರು. ಎಲೆಗೆ ಕೋಸಂಬರಿ ಬೀಳುವಷ್ಟರಲ್ಲಿ ಶುರುವಾಯಿತು. "ನಮ್ಮ ಫೋನೆಲ್ಲಾ ಕದ್ದು ಕೇಳ್ತಾರಂತಲ್ಲ. ನೇರ ಸ್ಯಾಟಲೈಟಿಗೇ ಮಾತಾಡೋ ಫೋನ್ ಬರುತ್ತಂತೆ. ಒಂದು ಕೊಡಿಸಿಬಿಡಿ ಮಾರಾಯ್ರೆ." ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಬಲಗೈ ಅನ್ನದಲ್ಲಿತ್ತು. ಎಡಗೈಯಲ್ಲಿ ಸ್ಪೀಕರ್ ಒತ್ತಿದರು. ಜಮೀನು ಪಾಲಿನ ವಿಷಯ ತಮ್ಮನಿಗೆ ತಿಳಿಯದ ಹಾಗೆ ಹೇಗೆ ಮುಗಿಸಬೇಕು ಅಂತ ವಕೀಲರು ಹೇಳಿದ್ದು, ಹೋಳಿಗೆ ಬಡಿಸುವ ಹುಡುಗನಿಗೂ ಕೇಳಿಸಿತು. ಇವರಿಗೆ ನಾನು ಯಾವ ಉಪಗ್ರಹ ಕೊಡಿಸಲಿ?

ಈ "ನೇರ" ಅನ್ನುವ ಮಾತೇ ನನ್ನ ತಲೆ ಕೆಡಿಸುವುದು. ಮೇಲೆ ಹೋದದ್ದು ಕೆಳಗೆ ಬರಲೇಬೇಕಲ್ಲ. ಸ್ಯಾಟಲೈಟ್ ಫೋನ್ ಸೇವೆ ಕೊಡುವ ತುರಾಯಾ, ಇನ್‌ಮಾರ್‌ಸ್ಯಾಟ್ ಉಪಗ್ರಹಗಳು ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಇಳಿಯುವ ಸಿಗ್ನಲ್ ನಿಮ್ಮೊಬ್ಬರ ಕಿವಿಗೆ ಬೀಳುವುದಿಲ್ಲ. ನೂರಾರು ಕಿಲೋಮೀಟರ್ ಅಗಲಕ್ಕೆ ಸೋನೆ ಮಳೆಯಂತೆ ಬೀಳುತ್ತದೆ. ಯಾರು ಪಾತ್ರೆ ಒಡ್ಡಿದರೂ ತುಂಬುತ್ತದೆ. ಇನ್ನು ಆ ಕಡೆ ವಕೀಲರ ಕೈಯಲ್ಲಿ ಮಾಮೂಲಿ ಮೊಬೈಲ್ ಇದ್ದರೆ, ಕೆಳಗಿಳಿದ ನಂತರದ ದಾರಿಯೂ ಮಾಮೂಲಿಯೇ.

"ಸಿಗ್ನಲ್‌ಗೆ ಬೀಗ ಹಾಕಿರ್ತಾರಲ್ಲ?" ಹಾಕಿರುತ್ತಾರೆ. 2012ರಲ್ಲಿ ಜರ್ಮನಿಯ ಬೋಖುಮ್‌ನ ವಿಶ್ವವಿದ್ಯಾಲಯದವರು ಸ್ಯಾಟಲೈಟ್ ಫೋನಿನ ಸಾಫ್ಟ್‌ವೇರ್ ಬಿಚ್ಚಿ ನೋಡಿದರು. ಜಿಎಂಆರ್-1, ಜಿಎಂಆರ್-2 ಎಂಬ ಎರಡು ಬೀಗಗಳೂ ಗಟ್ಟಿಯಿಲ್ಲ ಅಂತ ತೋರಿಸಿದರು. ಮೊದಲನೆಯದಂತೂ ಹಳೇ ಜಿಎಸ್‌ಎಂ ಮೊಬೈಲಿನ ದುರ್ಬಲ ಬೀಗದ ಖಾಸಾ ತಮ್ಮ. 2025ರಲ್ಲಿ ನನ್ನಂಥವರ ಡಿಶ್‌ಗಳ ಮಾನವೂ ಹೋಯಿತು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಸಂಶೋಧಕರು ತಾರಸಿ ಮೇಲೆ ಸುಮಾರು 800 ಡಾಲರ್‌ನ ಸಾಮಾನು ಇಟ್ಟು ಆಕಾಶಕ್ಕೆ ಕಿವಿಗೊಟ್ಟರು. ದೂರದ ಟವರ್‌ಗಳಿಂದ ಉಪಗ್ರಹದ ಮೂಲಕ ಹೋಗುವ ಕರೆ, ಮೆಸೇಜುಗಳು ಬೀಗವೇ ಇಲ್ಲದೆ ಸಿಕ್ಕಿದವು. ಸುದ್ದಿ ತಿಳಿದ ಮೇಲೆ ಕೆಲವು ಕಂಪನಿಗಳು ಬೀಗ ಹಾಕಿಕೊಂಡವು. ನಾನು ಆ ವಾರ ಎರಡು ಮದುವೆ ತಪ್ಪಿಸಿಕೊಂಡೆ.

ಮಾತು ಹಾಗಿರಲಿ, ನೀವು ಎಲ್ಲಿದ್ದೀರಿ ಅನ್ನುವುದೂ ಬಯಲಾಗುತ್ತದೆ. ರಷ್ಯಾದಿಂದ ಬೇರೆಯಾಗಲು ಹೋರಾಡುತ್ತಿದ್ದ ಚೆಚೆನ್ಯಾದ ನಾಯಕ ದುದಾಯೆವ್ 1996ರ ಏಪ್ರಿಲ್‌ನಲ್ಲಿ ಸ್ಯಾಟಲೈಟ್ ಫೋನಿನಲ್ಲಿ ಮಾತಾಡುತ್ತಿದ್ದಾಗಲೇ ಕ್ಷಿಪಣಿ ಬಂದು ಬಿತ್ತು. ಅಷ್ಟು ದೂರ ಯಾಕೆ? ಕರಾವಳಿ, ಮಲೆನಾಡಿನ ಕಾಡಿನಲ್ಲಿ ಸ್ಯಾಟಲೈಟ್ ಫೋನ್ ಸದ್ದು ಅಂತ ನಮ್ಮ ಪೇಪರಿನಲ್ಲೇ ಓದಿದ್ದೀರಿ. ಕಾಡಿನೊಳಗಿಂದ ಹೋದ ಒಂದು ಕರೆ ಪೇಪರಿಗೆ ಬರುತ್ತದೆ ಅಂದರೆ ಅದು ಗುಟ್ಟಾ, ಡಂಗುರವಾ?

ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಬ್ಯಾಗಿನಲ್ಲಿ ಇಟ್ಟುಕೊಂಡು ಬಂದ ವಿದೇಶಿ ಪ್ರವಾಸಿಗರು ಏರ್‌ಪೋರ್ಟಿನಿಂದ ಠಾಣೆಗೆ ಹೋಗಿದ್ದಾರೆ. ಅನುಮತಿ ಪಡೆದು ಬಿಎಸ್‌ಎನ್‌ಎಲ್ ಮೂಲಕ ತಗೊಂಡಿರಿ ಅನ್ನಿ, ಆ ಕರೆ ಘಾಜಿಯಾಬಾದಿನ ಕೇಂದ್ರದಲ್ಲಿ ಇಳಿಯುತ್ತದೆ. ಸರ್ಕಾರಕ್ಕೆ ಕೇಳಬೇಕು ಅನ್ನಿಸಿದರೆ ಅಲ್ಲೇ ಕೇಳಬಹುದು. ಕೇಳಿಸಿಕೊಳ್ಳುವ ಚಟ ಹೊಸದೂ ಅಲ್ಲ. 1988ರಲ್ಲಿ ಫೋನ್ ಕದ್ದಾಲಿಕೆ ಗಲಾಟೆಗೇ ರಾಮಕೃಷ್ಣ ಹೆಗಡೆಯವರ ಮುಖ್ಯಮಂತ್ರಿ ಕುರ್ಚಿ ಹೋಯಿತು. ಆಗ ಮನೆಗೆ ಬರುತ್ತಿದ್ದದ್ದು ಬರೀ ತಾಮ್ರದ ತಂತಿ.

ಮತ್ತೇನು ಮಾಡಬೇಕು? ಸಿಗ್ನಲ್ ಅನ್ನುವ ಆ್ಯಪೋ ವಾಟ್ಸಾಪೋ ಹಾಕಿಕೊಂಡು ಅದರಲ್ಲೇ ಕಾಲ್ ಮಾಡಿ. ಅಲ್ಲಿ ಬೀಗದ ಕೈ ಮಾತಾಡುವ ಇಬ್ಬರ ಫೋನಿನಲ್ಲಿ ಮಾತ್ರ ಇರುತ್ತದೆ. ಆಫೀಸಿನ ಕಂಪ್ಯೂಟರಿನಲ್ಲಿ ವಾಟ್ಸಾಪ್ ತೆರೆದಿಟ್ಟು ಮನೆಗೆ ಬರಬೇಡಿ. ಸ್ಪೀಕರ್ ಆಫ್ ಮಾಡಿ. ಫೋನಿನೊಳಗೇ ಪೆಗಾಸಸ್‌ನಂಥ ಬೇಹುಗಾರಿಕೆ ಸಾಫ್ಟ್‌ವೇರ್ ಹೊಕ್ಕರೆ ಉಪಗ್ರಹವೂ ಇಲ್ಲ, ಆ್ಯಪೂ ಇಲ್ಲ. ಆದರೆ ನಿಮ್ಮ ಅಡಿಕೆ ರೇಟಿಗೆ ಅಷ್ಟು ಖರ್ಚು ಯಾರೂ ಮಾಡಲ್ಲ, ಬೇಜಾರು ಮಾಡ್ಕೋಬೇಡಿ.

ಇಷ್ಟೆಲ್ಲಾ ಕೇಳುತ್ತಾರಲ್ಲ, ಒಬ್ಬರಾದರೂ "ನೀನು ಯಾವತ್ತಾದರೂ ಕದ್ದು ಕೇಳಿದ್ದೀಯಾ?" ಅಂತ ಕೇಳಿಲ್ಲ.

ಕೇಳಿದ್ದೇನೆ. 1999ರಲ್ಲಿ. ಆಗ ಲ್ಯಾಂಡ್‌ಲೈನ್ ಕೆಲಸದ ಗುತ್ತಿಗೆದಾರರೊಬ್ಬರ ಹತ್ತಿರ ಕಂಬ ಹತ್ತುವ ಹುಡುಗ ನಾನು. ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಮನೆಗೆರಡರಂತೆ ತಂತಿ. ಟೆಸ್ಟ್ ಫೋನಿನ ಎರಡು ಕ್ಲಿಪ್ ಕಚ್ಚಿಸಿದರೆ ಲೈನ್ ಕಿವಿಗೆ ಬರುತ್ತದೆ. ಯಾರಾದರೂ ಮಾತಾಡುತ್ತಿದ್ದರೆ ತಕ್ಷಣ ತೆಗೆಯಬೇಕು. ಎರಡು ಸೆಕೆಂಡಿನ ಕೆಲಸ. ಅವತ್ತು ನಾನು ತೆಗೆಯಲಿಲ್ಲ.

ಮುಂಬೈಯಿಂದ ಮಗ. ಈ ಕಡೆ ಅಮ್ಮ. "ಕಾಲುನೋವು ಪೂರ್ತಿ ಹೋಯ್ತು ಕಣೋ. ನೀನೇನೂ ಬರೋದು ಬೇಡ, ರಜೆ ಉಳಿಸ್ಕೋ." ಆಮೇಲೆ ತುಂಬಾ ಹೊತ್ತು ಮಾತೇ ಇಲ್ಲ. ಎಸ್‌ಟಿಡಿ ದುಡ್ಡು ಓಡುತ್ತಿದ್ದರೂ ಇಬ್ಬರೂ ಫೋನ್ ಇಡಲಿಲ್ಲ. ಕಂಬದ ಮೇಲೆ ನಾನೂ ಇಡಲಿಲ್ಲ.

ನಾಲ್ಕು ದಿನ ಬಿಟ್ಟು ಅದೇ ಮನೆಯ ಫೋನ್ ಕೆಟ್ಟಿತು. ರಿಪೇರಿಗೆ ಹೋದೆ. ಅವರು ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆಗೆದರು. ಕೆಲಸ ಮುಗಿಯುವಷ್ಟರಲ್ಲಿ, ಹಾಗೇ ಗೋಡೆ ಹಿಡಿದುಕೊಂಡು, ಕಾಫಿ ತಂದರು. ಲೋಟ ತಗೊಳ್ಳುವಾಗ ನನ್ನ ಬಾಯಿಂದ ಬಂದುಬಿಟ್ಟಿತು: "ಮಗನಿಗೆ ನೋವು ಹೋಯ್ತು ಅಂತ ಯಾಕಮ್ಮಾ ಹೇಳಿದ್ರಿ?"

ಅವರು ನನ್ನನ್ನು ನೋಡಿದರು. ಆಮೇಲೆ ಕಿಟಕಿಯಾಚೆ ಕಂಬ ನೋಡಿದರು.

"ಸಕ್ಕರೆ ಸಾಕಾಯ್ತಾ?" ಅಂದರು.