ಸಾರ್, ಫ್ಯಾಮಿಲಿ ಇದೆ, ಎಲ್ಲಿ ಊಟ ಮಾಡೋದು?

ಕೊಪ್ಪಳದಲ್ಲಿ ಮನೆ ಇರುವುದೇ ನನ್ನ ತಪ್ಪು. ಹಂಪಿಗೆ ಹೊರಟವರು, ಅಂಜನಾದ್ರಿ ಹತ್ತಲು ಬಂದವರು, ಹುಲಿಗೆಮ್ಮನ ಹರಕೆಯವರು, ಎಲ್ಲರಿಗೂ ಮಧ್ಯಾಹ್ನ ಹನ್ನೆರಡಕ್ಕೆ ನನ್ನ ನೆನಪಾಗುತ್ತದೆ. ಪ್ರೀತಿಯಿಂದಲ್ಲ, ಹಸಿವಿನಿಂದ. ‘ಸಾರ್, ಫ್ಯಾಮಿಲಿ ಇದೆ. ಎಲ್ಲಿ ಊಟ ಮಾಡೋದು?’

ಉತ್ತರ ಹೇಳುತ್ತೇನೆ. ಅದಕ್ಕೂ ಮುಂಚೆ ಆ ‘ಫ್ಯಾಮಿಲಿ ಇದೆ’ ಎಂಬ ಮಾತಿನ ಬಗ್ಗೆ. ಬಿಪಿ ಇದೆ, ಶುಗರ್ ಇದೆ ಅನ್ನುವ ಧಾಟಿಯಲ್ಲೇ ಯಾಕೆ ಹೇಳುತ್ತಾರೋ! ನಾನು ಒಬ್ಬನೇ ಉಣ್ಣುವ ಜಾಗದಲ್ಲಿ ಅವರ ಹೆಂಡತಿ ಮಕ್ಕಳು ಕೂರಬಾರದು ಎಂದು ಮೊದಲೇ ತೀರ್ಮಾನ ಆಗಿರುತ್ತದೆ. ಕೆದಕಿದರೆ ಒಬ್ಬೊಬ್ಬರ ಅರ್ಥ ಒಂದೊಂದು. ಗಂಡಸರಿಗೆ ಪಾರ್ಕಿಂಗ್ ಬೇಕು. ಹೆಂಗಸರಿಗೆ ಚೊಕ್ಕ ಶೌಚಾಲಯ ಬೇಕು, ಅದನ್ನು ಬಾಯಿಬಿಟ್ಟು ಕೇಳಲು ಸಂಕೋಚ, ಅದಕ್ಕೇ ‘ಸ್ವಲ್ಪ ನೀಟಾಗಿರೋದು’ ಅನ್ನುತ್ತಾರೆ. ಅತ್ತೆಗೆ ಉಳ್ಳಾಗಡ್ಡಿ ಬೆಳ್ಳುಳ್ಳಿ ಆಗಿಬರುವುದಿಲ್ಲ. ಮಕ್ಕಳಿಗೆ ನೂಡಲ್ಸ್. ಇಷ್ಟನ್ನೂ ಒಂದೇ ಶಬ್ದದಲ್ಲಿ ತುರುಕಿ ನನ್ನ ಮೇಲೆ ಹಾಕುತ್ತಾರೆ.

ಇನ್ನು ಬೋರ್ಡಿನ ಮೇಲಿನ ‘ಫ್ಯಾಮಿಲಿ’. ನಮ್ಮ ಕಡೆ ಹೆದ್ದಾರಿ ಬಾಜೂಕ ‘ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್’ ಎಂದು ಬರೆದಿದ್ದರೆ, ಬಾರ್ ಅನ್ನುವುದು ನಿಜ, ಫ್ಯಾಮಿಲಿ ಅನ್ನುವುದು ಆಸೆ. ಒಂದು ಮೂಲೆಯಲ್ಲಿ ಪ್ಲೈವುಡ್ ಹೊಡೆದು, ಪರದೆ ಇಳಿಬಿಟ್ಟಿರುತ್ತಾರೆ. ಆ ಪರದೆಯ ಹಿಂದೆ ಕೂತವರು ಫ್ಯಾಮಿಲಿ. ಈಚೆ ಕೂತವರು ಮನುಷ್ಯರು.

ಕೆಲವರಂತೂ ಹತ್ತು ವರ್ಷದ ಹಿಂದೆ ಗೆಳೆಯರ ಜೊತೆ ಬಂದಾಗ ತೆಗೆದ ಫೋಟೋ ಕಳಿಸಿ, ‘ನದಿ ದಂಡೆ ಮೇಲೆ ದಿಂಬು ಹಾಕಿ ನೆಲಕ್ಕೆ ಕೂರಿಸೋ ಹೋಟೆಲು, ಇದು ಇದೆಯಾ?’ ಅನ್ನುತ್ತಾರೆ. ವಿರೂಪಾಪುರಗಡ್ಡೆಯ ಆ ಹೋಟೆಲುಗಳು ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರ ಮಾರ್ಚಿನಲ್ಲೇ ನೆಲಸಮ ಆದವು ಸ್ವಾಮಿ. ದಿಂಬು ಎಲ್ಲಿ ಹೋದವೋ ಗೊತ್ತಿಲ್ಲ.

ಸರಿ, ಉತ್ತರ. ಖಾನಾವಳಿಗೆ ಹೋಗಿ. ಎರಡು ಗಂಟೆಯೊಳಗೆ ಹೋಗಿ, ಮೂರಕ್ಕೆ ರೊಟ್ಟಿ ಬಡಿಯುವವರು ಕೈ ತೊಳೆದುಕೊಂಡಿರುತ್ತಾರೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿಳಿದು, ಸೆಲ್ಫಿ ಮುಗಿಸಿ, ನಾಲ್ಕು ಗಂಟೆಗೆ ಬಂದು ‘ಏನಿದೆ?’ ಅಂದರೆ ಏನೂ ಇರುವುದಿಲ್ಲ. ಹೊತ್ತಿಗೆ ಹೋದರೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಪುಂಡಿಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಖಾರ ಅನ್ನುವವರಿಗೆ ಮೊಸರು ಯಾತಕ್ಕೆ ಇಟ್ಟಿದ್ದಾರೆ? ಮಗುವಿಗೆ ರೊಟ್ಟಿ ಮುರಿದು, ತುಪ್ಪ ಬೆಲ್ಲ ಹಚ್ಚಿ ಕೊಡಿ, ತಿನ್ನುತ್ತದೆ. ನಮ್ಮ ಮಕ್ಕಳೂ ಮಕ್ಕಳೇ. ಶೌಚಾಲಯಕ್ಕೆ ಮಾತ್ರ ಮೊದಲೇ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ ಬನ್ನಿ. ಇಲ್ಲಿ ನಾನು ಊರಿನ ಪರ ವಾದ ಮಾಡುವುದಿಲ್ಲ.

ಜನವರಿಯಲ್ಲಿ ಬಂದವರ ಅದೃಷ್ಟ ಬೇರೆ. ಬನದ ಹುಣ್ಣಿಮೆ ಆದ ಮೇಲೆ ಗವಿಸಿದ್ಧೇಶ್ವರನ ತೇರು. ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಬರುತ್ತವೆ, ಮಾದಲಿ ಬರುತ್ತದೆ, ಲಕ್ಷಗಟ್ಟಲೆ ಮಿರ್ಚಿ ಕರಿಯುತ್ತಾರೆ. ಗವಿಮಠದ ದಾಸೋಹದಲ್ಲಿ ಯಾರೂ ‘ಎಷ್ಟು ಜನ ಸಾರ್, ಎ.ಸಿ.ನಾ ನಾನ್ ಎ.ಸಿ.ನಾ’ ಎಂದು ಕೇಳುವುದಿಲ್ಲ. ತಾಟು ಹಿಡಿದುಕೊಂಡು ಹೋದರಾಯಿತು.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ 2024ರ ಡಿಸೆಂಬರ್ 30 ಇದೆಯಲ್ಲ.

ನನ್ನ ತಮ್ಮನ ಆಫೀಸಿನವರು, ಬೆಂಗಳೂರಿನಿಂದ ಒಂಬತ್ತು ಜನ, ಟೆಂಪೋ ಟ್ರಾವೆಲರ್. ವಾರದ ಮುಂಚೆಯೇ ಕೇಳಿದ್ದರು, ನಾನೂ ಎದೆ ಉಬ್ಬಿಸಿ ನಾನು ಉಣ್ಣುವ ಖಾನಾವಳಿಯ ಗುರುತು ಹೇಳಿದ್ದೆ. ಅವರಿಗೆ ಅದು ವರ್ಷದ ಕೊನೆಯ ರಜೆ. ನಮಗೆ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ. ಎಳ್ಳಮಾಸಿ ದಿನ ನಮ್ಮ ಸೀಮೆಯಲ್ಲಿ ಮನೆಗೆ ಬೀಗ ಹಾಕಿ ಜನ ಹೊಲಕ್ಕೆ ಹೋಗುತ್ತಾರೆ, ಖಾನಾವಳಿಯ ಅಕ್ಕಾರು ಏನು ದೇವಲೋಕದವರೇ? ಅವರಿಗೂ ಮೂರೆಕರೆ ಇದೆ.

ಒಂದೂವರೆಗೆ ಫೋನು ಬಂತು. ‘ಸಾರ್, ಇಲ್ಲಿ ಬೀಗ ಹಾಕಿದೆ.’

ಆಗ ನಾನು ಎಲ್ಲಿದ್ದೆ? ಬೈಪಾಸಿನ ಆಚೆ ನಮ್ಮ ಹೊಲದಲ್ಲಿ, ಬನ್ನಿಗಿಡದ ಬುಡಕ್ಕೆ. ಐದು ಕಲ್ಲು ಇಟ್ಟು ಪಾಂಡವರ ಪೂಜೆ ಆಗಿತ್ತು. ತಮ್ಮನ ಮಗ ಬಿಳಿಜೋಳದ ಸಾಲಿನಲ್ಲಿ ಚರಗ ಚೆಲ್ಲಿ, ಅಂದರೆ ಭೂತಾಯಿಗೆ ಎಡೆಯ ಅಡಿಗೆ ಎರಚಿ, ಬಂದಿದ್ದ. ಕಂಬಳಿ ಹಾಸಿ ಹದಿನೇಳು ಜನ ಕೂತಿದ್ದೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಬದನೆಕಾಯಿ, ಕುಂಬಳಕಾಯಿ, ಜ್ವಾಳದ ಬಾನ, ಮೊಸರು. ನನ್ನ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಹೋಳಿಗೆ.

‘ಅಯ್ಯೋ, ಇವತ್ತ ಎಳ್ಳಮಾಸಿ ನೋಡ್ರಿ, ನೆನಪ ಆಗಲಿಲ್ಲ’ ಅಂದೆ. ‘ಪರವಾಗಿಲ್ಲ ಸಾರ್, ಬೇರೆ ಯಾವುದಾದ್ರೂ ಫ್ಯಾಮಿಲಿ ಹೋಟೆಲ್?’ ಅಂದರು.

ಅವ್ವನಿಗೆ ಅರ್ಧ ಕೇಳಿಸಿತ್ತು. ‘ಯಾರೋ? ಉಪವಾಸ ಅದಾರೇನು? ಕರಿ ಇಲ್ಲೇ, ಬುಟ್ಟಿ ತುಂಬ ಐತಿ’ ಅಂದಳು. ಬುಟ್ಟಿ ತುಂಬ ಇದ್ದದ್ದು ನಿಜ. ನಾನು ಕೈಸನ್ನೆ ಮಾಡಿ ಸುಮ್ಮನಾಗಿಸಿದೆ. ಹೊಲದಲ್ಲಿ ಕುರ್ಚಿ ಇಲ್ಲ, ಶೌಚಾಲಯ ಇಲ್ಲ, ಅವರ ಅತ್ತೆಗೆ ಮೊಣಕಾಲು ನೋವಂತೆ, ಟೆಂಪೋ ಕಾಲುದಾರಿಯಲ್ಲಿ ಬರುವುದಿಲ್ಲ. ಕಾರಣಗಳು ರೊಟ್ಟಿಗಿಂತ ಜಾಸ್ತಿ ಇದ್ದವು. ‘ಹೈವೇ ಮ್ಯಾಲ ಸಿಗ್ತಾವ ನೋಡ್ರಿ’ ಅಂದುಬಿಟ್ಟೆ.

ಸಿಕ್ಕಿತು. ಪರದೆಯ ಹಿಂದೆ. ಗೋಬಿ ಮಂಚೂರಿ, ಜೀರಾ ರೈಸು. ಹಸಿರು ಪರದೆ ನೋಡಿ ಚಿಕ್ಕ ಮಗ ‘ಅಮ್ಮಾ, ಇದು ಆಸ್ಪತ್ರೆನಾ?’ ಎಂದನಂತೆ. ಇದನ್ನು ನನಗೆ ಹೇಳಿದ್ದು ತಮ್ಮ. ಜೊತೆಗೆ, ‘ಅಣ್ಣಾ, ನಿಮ್ಮೂರಲ್ಲಿ ಫ್ಯಾಮಿಲಿಗೆ ಜಾಗನೇ ಇಲ್ವಂತೆ’ ಎಂದೂ ಹೇಳಿದ. ‘ನಿಮ್ಮೂರು’ ಅನ್ನುವವನನ್ನು ನೋಡಿ, ಇಲ್ಲೇ ಹುಟ್ಟಿದವನು! ಅಂದು ಮಗನನ್ನು ಹಬ್ಬಕ್ಕೆ ಕಳಿಸಿ ತಾನು ಆಫೀಸಿನಲ್ಲಿದ್ದ.

ಅಂದಿನಿಂದ ಈ ಪ್ರಶ್ನೆ ಕೇಳಿದರೆ ಸಿಟ್ಟು ಬರುತ್ತದೆ. ಕೇಳುವವರ ಮೇಲಷ್ಟೇ ಅಲ್ಲ. ಅವರು ಹೋಟೆಲ್ ಯಾವುದು ಎಂದು ಕೇಳುವ ಬದಲು ‘ಇವತ್ತು ನಿಮ್ಮ ಕಡೆ ಏನು ಹಬ್ಬ ಸಾರ್?’ ಎಂದಿದ್ದರೆ, ಇಲ್ಲ, ಅದೂ ಬೇಡ, ಮಾತಿಗಾದರೂ ‘ನೀವು ಎಲ್ಲಿದ್ದೀರಿ, ಊಟ ಆಯ್ತಾ?’ ಎಂದಿದ್ದರೆ, ನನಗೆ ಕರೆಯದೆ ಗತಿ ಇರುತ್ತಿರಲಿಲ್ಲ. ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಸುಳ್ಳು ಹೇಳಲು ಬರುತ್ತದೆಯೇ? ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಹಬ್ಬ ಮುಗಿದು ಎರಡು ದಿನಕ್ಕೆ ಖಾನಾವಳಿಗೆ ಹೋದೆ. ‘ಅಕ್ಕಾರ, ಮೊನ್ನೆ ನಿಮ್ಮಲ್ಲಿಗೆ ಒಂಬತ್ತು ಮಂದಿ ಕಳಿಸಿದ್ದೆ, ಬೀಗ ನೋಡಿ ಹೊಳ್ಳಿ ಹೋದ್ರು’ ಎಂದು ಸ್ವಲ್ಪ ದೂರುವ ದನಿಯಲ್ಲೇ ಹೇಳಿದೆ.

ಅಕ್ಕಾರು ರೊಟ್ಟಿ ತಿರುವುತ್ತ ಕೇಳಿದರು, ‘ನಿಮ್ಮ ಹೊಲ ಎಲ್ಲಿ ಬರ್ತೈತ್ರಿ?’

‘ಬೈಪಾಸ್ ಆಚೆ, ನಾಕು ಕಿಲೋಮೀಟರ್.’

ಅವರು ಮತ್ತೇನೂ ಕೇಳಲಿಲ್ಲ. ರೊಟ್ಟಿ ತಂದು ತಾಟಿಗೆ ಹಾಕಿದರು.