ಜೂನ್ ಒಂದರ ಮಕ್ಕಳು

ಉಳಿದ ದಿನ ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದ ನಮ್ಮ ಶಾಲೆಯ ಪ್ರಾರ್ಥನೆ ಜೂನ್ ಒಂದಕ್ಕೆ ಮಾತ್ರ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಶಾಲೆ ತೆರೆಯುವ ದಿನ, ಹೆಡ್ ಮಾಸ್ತರರ ಭಾಷಣ ಇದ್ದೇ ಇರುತ್ತಿತ್ತು. ಆದರೆ ತಡವಾಗುತ್ತಿದ್ದುದು ಅದರಿಂದಲ್ಲ. ‘ಇವತ್ತು ಹುಟ್ಟಿದ ಹಬ್ಬ ಇದ್ದವರು ಮುಂದೆ ಬನ್ನಿ’ ಎಂದು ಪಿ.ಟಿ. ಮಾಸ್ತರು ಸೀಟಿ ಊದಿದರೆ ಸಾಲುಗಳೆಲ್ಲ ಕದಡಿ, ಧ್ವಜಕಟ್ಟೆಯ ಎದುರು ಇನ್ನೊಂದು ಶಾಲೆಯೇ ನಿಂತುಬಿಡುತ್ತಿತ್ತು. 2005ರಲ್ಲಿ, ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ನಮ್ಮ 41 ಮಕ್ಕಳಲ್ಲಿ 17 ಮಂದಿ ಅಲ್ಲಿದ್ದರು. ಗಂಟೆ ಬಾರಿಸುವ ಮಾಮ ಬಂದರು, ಗಣಿತದ ಅಕ್ಕೋರು ಬಂದರು. ಕೊನೆಗೆ ಹೆಡ್ ಮಾಸ್ತರರೂ ಕಟ್ಟೆ ಇಳಿದು ಸಾಲಿನ ತುದಿಗೆ ನಿಂತರು. ಈಗ ಶುಭಾಶಯ ಹೇಳುವವರು ಯಾರು ಎಂದು ಯಾರಿಗೂ ಗೊತ್ತಾಗಲಿಲ್ಲ.

ಈಗಿನ ಮಕ್ಕಳು ಇದನ್ನು ಓದುತ್ತಿದ್ದರೆ ಅವರಿಗಾಗಿ ಒಂದು ಮಾತು. ಆಗ ಹುಟ್ಟಿದ ತಾರೀಕು ಗೊತ್ತಿದ್ದ ಮನೆಗಳು ಕಡಿಮೆ. ಮಗುವನ್ನು ಕರೆತಂದವರು ‘ಹೋದ ಸಲದ ದೊಡ್ಡ ಮಳೆಗೆ ಅಂಬೆಗಾಲು ಇಡ್ತಿತ್ತು’ ಎನ್ನುತ್ತಿದ್ದರು. ಮಾಸ್ತರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ವರ್ಷ ಆಯಿತು ಅಂತ ಲೆಕ್ಕ. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಹಾಗಾಗಿ ಆರು ವರ್ಷ ಹಿಂದಿನ ಜೂನ್ ಒಂದು ಎಂದು ರಿಜಿಸ್ಟರಿನಲ್ಲಿ ಬರೆದರೆ ಇನ್‌ಸ್ಪೆಕ್ಟರರೂ ತಕರಾರು ಮಾಡುವಂತಿಲ್ಲ. ಮುಂದಿನ ಸಾಲಿನಲ್ಲಿ ಅದನ್ನೇ ಮತ್ತೆ ಬರೆಯುವ ಕಷ್ಟವೂ ಇಲ್ಲ, ಎರಡು ಗೀಟು ಎಳೆದರೆ ಆಯಿತು.

ಆ ವರ್ಷ ‘ದಿನದ ವಿಶೇಷ’ ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದು ನಮ್ಮ ಸಮಾಜ ವಿಜ್ಞಾನದ ಮಾಸ್ತರರ ಹುಚ್ಚು. ಇಯರ್‌ಬುಕ್ಕು, ಹಳೇ ಪೇಪರಿನ ತುಣುಕು, ರೇಡಿಯೊ, ಎಲ್ಲಿಂದಾದರೂ ಸರಿ, ದಿನಕ್ಕೆ ನಾಲ್ಕು ಸಂಗತಿ ಹುಡುಕಿ ತರಬೇಕು. ಬರೀ ಓದಿದರೆ ಅವರು ಬಿಡುತ್ತಿರಲಿಲ್ಲ. ‘ಆಯ್ತು, ಆಗ ನಮ್ಮೂರಲ್ಲಿ ಎಂತಾ ನಡೀತಿತ್ತು?’ ಎಂದು ಎಲ್ಲರೆದುರೇ ಕೇಳುತ್ತಿದ್ದರು. ಉತ್ತರ ಬಾರದಿದ್ದರೆ ಬೈಗುಳವಿಲ್ಲ, ‘ನಾಳೆ ಮನೇಲಿ ಕೇಳ್ಕೊಂಡು ಬಾ’ ಅಷ್ಟೆ. ಬೈಗುಳವೇ ಆಗಿದ್ದರೆ ಸುಲಭವಿತ್ತು.

ಅವತ್ತು ನಾನು ಓದಿದ್ದು ಇನ್ನೂ ನೆನಪಿದೆ. 1929, ನಟಿ ನರ್ಗಿಸ್ ಜನನ. ಹಿಂದಿನ ಸಾಲಿನಿಂದ ನಿಟ್ಟುಸಿರು ಕೇಳಿತು, ಗಂಟೆಯ ಮಾಮನದ್ದು. 1930, ಮುಂಬೈ–ಪುಣೆ ನಡುವೆ ಡೆಕ್ಕನ್ ಕ್ವೀನ್ ರೈಲು ಶುರು. ಮಾಸ್ತರರ ಪ್ರಶ್ನೆ ತಕ್ಷಣ ಬಂತು. ಅದೊಂದಕ್ಕೆ ನಾನು ತಯಾರಾಗಿದ್ದೆ: ಆ ಏಪ್ರಿಲ್ 13ಕ್ಕೆ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಗಿತ್ತು ಸರ್. ‘ರೈಲು?’ ನಮ್ಮ ಕರಾವಳಿಯ ಕೊಂಕಣ ರೈಲ್ವೆ ಪೂರ್ತಿಯಾದದ್ದು 1998ರಲ್ಲಿ ಸರ್. ‘ಅಂದ್ರೆ ಡೆಕ್ಕನ್ ಕ್ವೀನಿಗಿಂತ 68 ವರ್ಷ ಲೇಟು’ ಎಂದು ಅವರೇ ನಕ್ಕರು.

ಆಮೇಲಿನದು 1842, ಸತ್ಯೇಂದ್ರನಾಥ ಟ್ಯಾಗೋರರ ಜನನ. 1863ರಲ್ಲಿ ಐ.ಸಿ.ಎಸ್. ಪಾಸಾದ ಮೊದಲ ಭಾರತೀಯ. ರವೀಂದ್ರರ ಅಣ್ಣ ಎಂಬುದಕ್ಕಿಂತ ನಮಗೆ ಮುಖ್ಯವಾದದ್ದು ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು ಎಂಬುದು. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. 22ರ ಹುಡುಗ ರವೀಂದ್ರರು ಅಣ್ಣನ ಮನೆಗೆ ಬಂದು, ಇಲ್ಲಿಯ ಕಡಲು ನೋಡಿ, ಇಲ್ಲೇ ಒಂದು ನಾಟಕ ಬರೆದರು. ನಾವು ಪ್ರವಾಸಕ್ಕೆ ಹೋಗಿ ಚುರುಮುರಿ ತಿನ್ನುವ ಟ್ಯಾಗೋರ್ ಬೀಚಿಗೆ ಆ ಹೆಸರು ಬಂದದ್ದು ಹಾಗೆ. ನಾನು ಇಷ್ಟನ್ನು ಗಂಭೀರವಾಗಿ ಓದಿ ಮುಗಿಸುವಷ್ಟರಲ್ಲಿ, ಧ್ವಜಕಟ್ಟೆಯ ಎದುರು ನಿಂತಿದ್ದ ಹದಿನೇಳು ಜನರಲ್ಲೊಬ್ಬ ಕೈ ಎತ್ತಿದ.

‘ಸರ್, ಅವರಿಗೂ ಮಾಸ್ತರರೇ ಬರೆದಿದ್ರಾ?’

ಹೆಡ್ ಮಾಸ್ತರರು ನಕ್ಕ ನಗು ಹೆದ್ದಾರಿಗೆ ಕೇಳಿರಬೇಕು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾಲ್ಕನೆಯದನ್ನು ನಾನು ಪೇಪರಿನಿಂದಲೇ ಓದಿದೆ. ನಿನ್ನೆ, ಅಂದರೆ 2005ರ ಮೇ 31ರಂದು, ಕಾರವಾರದ ಹತ್ತಿರ ಐಎನ್‌ಎಸ್ ಕದಂಬ ನೌಕಾನೆಲೆ ಸೇವೆಗೆ ಸೇರಿತು. ನಗು ಅಲ್ಲಿಗೆ ನಿಂತಿತು. ಈ ನೆಲೆ ಕಟ್ಟುವ ಸೀಬರ್ಡ್ ಯೋಜನೆಗಾಗಿ ಊರು ಬಿಟ್ಟು ಬಂದ ಮನೆಗಳ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ ಇದ್ದರು. ಪ್ರತಿ ಬೆಂಚಿಗೆ ಒಬ್ಬರಾದರೂ. ನಾನೂ ಅಂಥ ಮನೆಯವಳೇ. ಮಾಸ್ತರು ಅವತ್ತು ‘ಆಗ ನಮ್ಮೂರಲ್ಲಿ’ ಎಂದು ಕೇಳಲಿಲ್ಲ. ‘ಮನೇಲಿ ಅಜ್ಜಿ ಇದ್ದಾರಲ್ಲ, ಆ ಕಡಲದಂಡೆಯ ಸುದ್ದಿ ಒಂದು ಕೇಳ್ಕೊಂಡು ಬಾ’ ಎಂದರು, ಮೆತ್ತಗೆ.

ಸಂಜೆ ಅಜ್ಜಿ ಹಿತ್ತಿಲಲ್ಲಿ ಸೌದೆ ಒಟ್ಟುತ್ತಿದ್ದಳು. ಮಳೆ ಹಿಡಿಯುವ ಮೊದಲು ಒಣಸೌದೆ ಒಳಗೆ ಸೇರಬೇಕು. ಜೂನ್ ಒಂದಕ್ಕೆ ಕೇರಳ ಮುಟ್ಟುವ ಮಳೆ ನಮ್ಮಲ್ಲಿಗೆ ಬರಲು ಮತ್ತೆ ಎಷ್ಟು ದಿನ ಎಂಬುದು ಅವಳಿಗೆ ಹವಾಮಾನದವರಿಗಿಂತ ಚೆನ್ನಾಗಿ ಗೊತ್ತು ಎಂದು ಅವಳ ನಂಬಿಕೆ. ‘ಕಡಲದಂಡೆಯ ಸುದ್ದಿ ಎಂತಾದ್ದು? ನಿನ್ನ ಅಪ್ಪನೇ ಕಡಲದಂಡೆಯ ಸುದ್ದಿ’ ಎಂದಳು.

ಅಪ್ಪ ಹುಟ್ಟಿದ್ದು ಹಳೆಯ ಮನೆಯಲ್ಲಿ. ಅಂಗಳದಿಂದ ನೋಡಿದರೆ ಅಂಜದೀವ್ ದ್ವೀಪ ಕಾಣುತ್ತಿತ್ತಂತೆ. ಕಣ್ಣೆದುರಿಗೇ ಇದ್ದರೂ ಅದು ನಮ್ಮದಲ್ಲ, ಪೋರ್ಚುಗೀಸರದು. ಈಗಲೂ ಲೆಕ್ಕಕ್ಕೆ ಗೋವಾದ್ದೇ. ಅಜ್ಜಿ ತುಂಬು ಬಸುರಿಯಾಗಿದ್ದ ಆ ತಿಂಗಳು ದಂಡೆಯ ತುಂಬ ಪೊಲೀಸರು, ಮೀನಿಗೆ ಹೋಗುವವರು ದೋಣಿ ಇಳಿಸಲು ಹೆದರುತ್ತಿದ್ದರು. ಒಂದು ಬೆಳಿಗ್ಗೆ ದೊಡ್ಡ ಹಡಗುಗಳು ಬಂದು ನಿಂತವು. ಗುಂಡಿನ ಸಪ್ಪಳಕ್ಕೆ ಕೊಟ್ಟಿಗೆಯ ದನ ಹಗ್ಗ ಹರಿದುಕೊಂಡು ಓಡಿತು. ಅಜ್ಜ ದನದ ಹಿಂದೆ ಓಡಿದರು. ಸೂಲಗಿತ್ತಿ ಬರುವ ದಾರಿಯಲ್ಲಿ ಬೇಲಿಯ ಮರೆಯಲ್ಲಿ ಕೂತುಬಿಟ್ಟಳು. ‘ಎಲ್ಲರೂ ಓಡಿದ್ರು, ನಾನು ಎಲ್ಲಿಗೆ ಓಡೂದು? ಹೆತ್ತೆ’ ಎಂದಳು ಅಜ್ಜಿ, ಸೌದೆ ಎತ್ತಿಡುತ್ತ.

ಮರುದಿನ ಮಾಸ್ತರು ಅದಕ್ಕೆ ತಾರೀಕು ಹುಡುಕಿಕೊಟ್ಟರು. ಐಎನ್‌ಎಸ್ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರು ಅಂಜದೀವಿಗೆ ಬಂದದ್ದು 1961ರ ಡಿಸೆಂಬರ್ 18. ದ್ವೀಪಕ್ಕೆ ಇಳಿದ ನಮ್ಮ ನೌಕಾಪಡೆಯ ಏಳು ಮಂದಿ ಆ ಕಾಳಗದಲ್ಲಿ ಸತ್ತರು. ಮರುದಿನ ಗೋವಾ ಬಿಡುಗಡೆಯಾಯಿತು. ‘ನಿನ್ನ ಅಪ್ಪನಿಗೆ ಇಡೀ ದೇಶದ ಇತಿಹಾಸದ ಪುಸ್ತಕದಲ್ಲಿ ತಾರೀಕಿದೆಯಲ್ಲೇ’ ಎಂದರು.

ಶಾಲೆಯ ಪುಸ್ತಕದಲ್ಲಿ ಇರಲಿಲ್ಲ. ಅಲ್ಲಿದ್ದದ್ದು 1-6-1961. ಅಂದರೆ ದಾಖಲೆಯ ಪ್ರಕಾರ ಹಡಗುಗಳು ಬಂದಾಗ ಅಪ್ಪನಿಗೆ ಆರೂವರೆ ತಿಂಗಳು, ಅನ್ನಪ್ರಾಶನವೂ ಮುಗಿದಿತ್ತು. ಇದರಲ್ಲಿ ತಮಾಷೆ ಏನೆಂದರೆ ಅಪ್ಪ ಮುಂದೆ ಗ್ರಾಮ ಲೆಕ್ಕಿಗರಾದರು. ಏಳೆಂಟು ಹಳ್ಳಿಗಳ ಜನನ ಮರಣದ ರಿಜಿಸ್ಟರು ಅವರ ಕೈಯಲ್ಲೇ. ತಾರೀಕಿನ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನ ಮನುಷ್ಯನನ್ನು ನಾನು ಕಂಡಿಲ್ಲ. ಬುಧವಾರ ರಾತ್ರಿ ಹನ್ನೆರಡೂಕಾಲಿಗೆ ಹುಟ್ಟಿದ ಮಗುವಿನ ಅಪ್ಪ ‘ಬುಧವಾರವೇ ಬರೀರಿ, ನಮ್ಮ ಮನೆದೇವರ ವಾರ’ ಎಂದು ಗೋಗರೆದರೂ ಗುರುವಾರವೇ.

ಈ ಕಟ್ಟುನಿಟ್ಟಿನ ಫಲ ಮೊದಲು ಉಂಡವಳು ನಾನು. ನನ್ನದು 1990ರ ಆಗಸ್ಟ್ 23, ಅಚ್ಚುಕಟ್ಟಾಗಿ ಬರೆಸಿದ್ದು. 1996ರ ಜೂನ್ ಒಂದು, ಶನಿವಾರ, ಬೆಳಗಿನ ಶಾಲೆ. ಹೊಸ ಪಾಟಿ ಹಿಡಿದು ಹೋದ ನನ್ನನ್ನು ವಯಸ್ಸು ತುಂಬಿಲ್ಲವೆಂದು ಮನೆಗೆ ಕಳಿಸಿದರು. ನನ್ನ ಕೈ ಆಗಲೇ ಕಿವಿ ಮುಟ್ಟುತ್ತಿತ್ತು! ಅವತ್ತೇ ಹರದನಹಳ್ಳಿಯ ದೇವೇಗೌಡರು ದೆಹಲಿಯಲ್ಲಿ ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಅವತ್ತೇ ಮಾಜಿ ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿಯವರು ಬೆಂಗಳೂರಿನಲ್ಲಿ ತೀರಿಕೊಂಡರು. ಇವೆರಡನ್ನೂ ನಾನು ತಿಳಿದದ್ದು ‘ದಿನದ ವಿಶೇಷ’ಕ್ಕಾಗಿ ಇಯರ್‌ಬುಕ್ಕು ಮಗುಚುವಾಗ. ನಮ್ಮ ಮನೆಯಲ್ಲಿ ಆ ದಿನದ ವಿಶೇಷ ಬೇರೆಯೇ ಇತ್ತು. ‘ಊರಿಗೆಲ್ಲ ತಾರೀಕು ಬರೀತೀರಿ, ಸ್ವಂತ ಮಗಳಿಗೆ ಮೂರು ತಿಂಗಳು ಮುಂದೆ ಹಾಕೂಕೆ ಕೈ ನಡುಗ್ತಾ?’ ಎಂದು ಆಯಿ ಕೂಗಿದ್ದು, ಅಪ್ಪ ಉತ್ತರ ಕೊಡದೆ ಸೈಕಲ್ ಹತ್ತಿ ಹೋದದ್ದು.

ಹೀಗಾಗಿ ಪ್ರೌಢಶಾಲೆಯ ಮೂರೂ ವರ್ಷ ಜೂನ್ ಒಂದರ ಪೆಪ್ಪರಮಿಂಟು ನನಗೆ ಕೊಡುವವರ ಪಾಲಿಂದ ಸಿಕ್ಕಿತೇ ಹೊರತು ಕೊಡುವ ಪಾಳಿ ನನ್ನದಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಗುಂಪಿನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಆಗಸ್ಟ್ 23ಕ್ಕೆ ಧ್ವಜಕಟ್ಟೆಯ ಎದುರು ನಾನೊಬ್ಬಳೇ, ಅದೂ ಕೊಡೆ ಹಿಡಿದುಕೊಂಡು.

ಅಪ್ಪ ನಿವೃತ್ತರಾದದ್ದು 2021ರ ಮೇ 31ಕ್ಕೆ. ತಿಂಗಳ ಮೊದಲ ತಾರೀಕಿಗೆ ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಜೂನ್ ಒಂದರ ನೌಕರರೆಲ್ಲ ಮೇ 31ರ ಸಂಜೆ ಒಟ್ಟಿಗೆ ಮನೆಗೆ. ಕೊರೊನಾದ ಲಾಕ್‌ಡೌನ್ ಆಗಿತ್ತು. ಸಭೆಯಿಲ್ಲ, ಊಟವಿಲ್ಲ. ಮಾಸ್ಕು ಹಾಕಿದ ನಾಲ್ಕು ಜನ ಮಾರು ದೂರದಿಂದ ಶಾಲು ಹೊದಿಸಿದರಂತೆ, ಹೇಗೆ ಹೊದಿಸಿದರೋ. ರಾತ್ರಿ ಫೋನಿನಲ್ಲಿ ನಾನು ಲೆಕ್ಕ ಹಾಕಿ ಹೇಳಿದೆ: ನಿಜವಾದ ತಾರೀಕು ಇದ್ದಿದ್ದರೆ ಡಿಸೆಂಬರ್ ಕೊನೆಯವರೆಗೆ ಕೆಲಸ ಇರುತ್ತಿತ್ತು ಅಪ್ಪ, ಏಳು ತಿಂಗಳ ಸಂಬಳ ಹೋಯಿತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಮಾಸ್ತರು ಬರೀದೆ ಇದ್ದಿದ್ರೆ ಶಾಲೆಗೇ ಒಂದು ವರ್ಷ ತಡ ಆಗ್ತಿತ್ತು. ಅಷ್ಟರಲ್ಲಿ ನಿನ್ನ ಅಜ್ಜ ನನ್ನ ದೋಣಿಗೆ ಹತ್ತಿಸ್ತಿದ್ರು’ ಎಂದರು. ಅವರು ಅದನ್ನು ಎಂದೂ ಹೇಳಿರಲಿಲ್ಲ.

ಮನೆಯಲ್ಲಿ ಜೂನ್ ಒಂದರ ಹತ್ತಿರಕ್ಕೆ ನಿಜವಾಗಿಯೂ ಹುಟ್ಟಿದವರು ಯಾರಾದರೂ ಇದ್ದರೆ ಅದು ಅಜ್ಜಿ. ಆದರೆ ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಅವಳಿಗೆ ತಾರೀಕು ಬರೆದುಕೊಡಲು ಮಾಸ್ತರರೇ ಇರಲಿಲ್ಲ. ವರ್ಷಗಳ ಹಿಂದೆ ಗುರುತಿನ ಚೀಟಿ ಮಾಡಿಸಲು ಅವಳನ್ನು ಕರೆದುಕೊಂಡು ಹೋಗಿದ್ದವಳು ನಾನು. ಕಂಪ್ಯೂಟರಿನ ಹುಡುಗ ಹುಟ್ಟಿದ ದಿನ ಕೇಳಿದ. ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕೂತು ಹೇಳಿದಳು: ‘ಕರನಿರಾಕರಣೆಯ ವರ್ಷ ತಮಾ. ಅಂಕೋಲೆ ಕಡೆಯ ನನ್ನ ತವರುಮನೆಯ ಎಮ್ಮೆ ಜಪ್ತಿ ಮಾಡ್ಕೊಂಡು ಹೋದ್ರಲ್ಲ, ಅದರ ಮಾರನೇ ವಾರ. ಹಲಸಿನ ಹಣ್ಣು ಉದುರ್ತಿತ್ತು, ಮಳೆ ಇನ್ನೂ ಹಿಡಿದಿರ್ಲಿಲ್ಲ.’

ಹುಡುಗ ನನ್ನ ಮುಖ ನೋಡಿದ. 1932 ಎಂದೆ. ಅವನು ಕುಟ್ಟಿದ. ತಿಂಗಳು, ದಿನ ಗೊತ್ತಿಲ್ಲದವರಿಗೆ ಕಂಪ್ಯೂಟರೇ ಹಾಕಿಕೊಳ್ಳುತ್ತದಂತೆ. ಚೀಟಿ ಬಂದಾಗ ನೋಡಿದರೆ 01-01-1932.

ಅಜ್ಜಿಗೆ ಓದಿ ಹೇಳಿದೆ. ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು:

‘ಜನವರಿಗೆ ಹಲಸಿನ ಹಣ್ಣು ಯಾವ ಊರಲ್ಲಿ ಆಗ್ತದೆ ತಂಗಿ?’