ಮರ ತೂಗಿದ ಮೇಲೆ ಕೈ

ಸಾಗರದ ಕಡೆ ಈಗ ಅಡಿಕೆ ಕೊನೆ (ಗೊಂಚಲು) ಕೊಯ್ಲು. ಹಲವು ತೋಟಗಳಿಗೆ ಕಾರ್ಬನ್ ದೋಟಿ, ಅಂದರೆ ನೆಲದಲ್ಲೇ ನಿಂತು ಕೊಯ್ಯುವ ಉದ್ದ ಕೋಲು, ಬರುತ್ತಿದೆ. ಆದರೆ ನಮ್ಮಲ್ಲಿ ಕೊಯ್ಯುವ ಕೊನೆಗೌಡರು ಇನ್ನೂ ಮರ ಹತ್ತುತ್ತಾರೆ. ಒಂದು ಮರದಿಂದ ಇಳಿಯದೆ ಪಕ್ಕದ ಮರಕ್ಕೆ ದಾಟುತ್ತಾರೆ. ಮೈಭಾರ ಹಾಕಿ ಮರ ತೂಗಿಸುತ್ತಾರೆ. ಅದು ಹಿಂದಕ್ಕೆ ಹೋಗಿ ತಿರುಗಿ ಬರುವವರೆಗೆ ಕೈ ಸುಮ್ನೆ ಇರುತ್ತದೆ. ಹತ್ತಿರ ಬಂದ ಮೇಲೆಯೇ ಚಾಚುವುದು.

ಕೆಳಗೆ ನಿಂತು ನೋಡುತ್ತಿದ್ದ ನನಗೆ ನನ್ನ ಗಾಲ್ಫ್ ಸ್ವಿಂಗ್ ನೆನಪಾಯಿತು. ನಾನು ಮೊದಲೇ ಕೈ ಚಾಚುತ್ತಿದ್ದೆ!

ಎರಡು ತಿಂಗಳಿಂದ ನನ್ನ ಚೆಂಡು ಬಲಕ್ಕೇ ತಿರುಗುತ್ತಿತ್ತು. ಮೊಬೈಲಿನಲ್ಲಿ ವಿಡಿಯೋ ಮಾಡಿ ಫ್ರೇಮ್ ಎಣಿಸಿದೆ. ಸೆಕೆಂಡಿಗೆ 30 ಫ್ರೇಮ್. ಕ್ಲಬ್ (ಹೊಡೆಯುವ ಕೋಲು) ಮೇಲೆ ಹೋಗಲು 17, ಕೆಳಗೆ ಬಂದು ಚೆಂಡಿಗೆ ತಾಗಲು 8. ದೊಡ್ಡ ಆಟಗಾರರಲ್ಲಿ ಬಹಳ ಜನರದ್ದು ಸುಮಾರು 3ಕ್ಕೆ 1, ಅಂದರೆ 24 ಮತ್ತು 8ರ ಆಸುಪಾಸು. ಇಳಿಯುವ ವೇಗ ನನಗೆ ಕಮ್ಮಿ ಇರಲಿಲ್ಲ. ಏರುವುದರಲ್ಲೇ ಅವಸರ. ಕ್ಲಬ್ ಮೇಲೆ ಮುಟ್ಟುವ ಮೊದಲೇ ಭುಜ ಎಳೆದುಬಿಡುತ್ತಿತ್ತು. ಆಗ ಕ್ಲಬ್ ಹೊರಗಿನಿಂದ ಒಳಕ್ಕೆ, ಅಂದರೆ ನನ್ನ ಮೈ ಕಡೆಗೆ, ಕೊಯ್ಯುತ್ತದೆ, ಚೆಂಡು ಬಲಕ್ಕೆ ಸುತ್ತುತ್ತದೆ.

'ಎಲ್ಲ ನಿಧಾನ ಮಾಡು' ಅಂತ ಗೆಳೆಯರೊಬ್ಬರು ಹೇಳಿದ್ದರು. ಮಾಡಿದೆ. 25, 12 ಆಯಿತು, ಚೆಂಡು ದೂರವೇ ಹೋಗಲಿಲ್ಲ. ನಿಧಾನ ಬೇರೆ, ಲಯ ಬೇರೆ ಅಲ್ವಾ?

ಈಗ ಬೆಳಿಗ್ಗೆ, ಅಂಗಳದಲ್ಲಿ ಅಡಿಕೆ ಹರವುವ ಮೊದಲು, ಹಳೇ ಕ್ರಿಕೆಟ್ ನೆಟ್ ಕಟ್ಟಿ ಹೊಡೆಯುತ್ತೇನೆ. ಏಳನೇ ನಂಬರ್ ಐರನ್, ಅಂದರೆ ಲೋಹದ ತಲೆಯ ಮಧ್ಯಮ ಉದ್ದದ ಕ್ಲಬ್. ಎರಡೂ ಪಾದ ಜೋಡಿಸಿ ನಿಲ್ಲುತ್ತೇನೆ. ಕ್ಲಬ್ ಇನ್ನೂ ಮೇಲೆ ಹೋಗುತ್ತಿರುವಾಗಲೇ ಎಡಗಾಲು ಗುರಿಯ ಕಡೆ ಇಡುತ್ತೇನೆ. ಭಾರ ಆ ಕಾಲಿಗೆ ಬರುತ್ತದೆ, ಸೊಂಟ ತಿರುಗುತ್ತದೆ, ಕೈ ಕೊನೆಗೆ. ಬಾಯಲ್ಲಿ ಎಣಿಕೆ: ಒಂದು, ಎರಡು, ಮೂರು, ನಾಲ್ಕು. ಮೂರಕ್ಕೆ ಕ್ಲಬ್ ಮೇಲೆ, ನಾಲ್ಕಕ್ಕೆ ಚೆಂಡು. ಅಡುಗೆಮನೆಯಿಂದ ಅಮ್ಮ, "ಈಗ ಸದ್ದು ಒಂದೇ ಹದದಲ್ಲಿ ಬರ್ತಿದೆ" ಅಂದರು. ನನಗೆ ತುಂಬಾ ಖುಷಿಯಾಯಿತು.

ಕಳೆದ ಭಾನುವಾರ ಕತ್ತಲಿರುವಾಗಲೇ ಹೊರಟು, ತರೀಕೆರೆ ಮೇಲೆ ಚಿಕ್ಕಮಗಳೂರಿಗೆ ಹೋಗಿ ಆಡಿದೆ. ಐರನ್ ಹೊಡೆತಗಳು ಜಾಸ್ತಿ ನೇರ ಹೋದವು. ಸಂಜೆ ಎಣಿಸಿದರೆ 23, 8. ಡ್ರೈವರ್, ಅಂದರೆ ದೂರ ಹೊಡೆಯುವ ಉದ್ದ ಕ್ಲಬ್, ಹಿಡಿದಾಗ ಮಾತ್ರ ಏರುವುದು ಇನ್ನೂ 19. ಕೊಯ್ಲು ಮುಗಿದು ಅಂಗಳ ಖಾಲಿಯಾದ ಮೇಲೆ ಅದಕ್ಕೆ ಕೈ ಹಾಕುತ್ತೇನೆ.